ದುಬೈಯಲ್ಲಿ ಮನೆ: ಹಣ ಹೋದ ದಾರಿಗೆ ದಾಖಲೆ ಎಲ್ಲಿ?

ಕೊಲ್ಲಿಯ ದುಡಿಮೆಯು ಕರಾವಳಿಯ ನಮ್ಮ ಪಟ್ಟಣಗಳ ಬದುಕನ್ನು ಬದಲಾಯಿಸಿದೆ. ಮಂಗಳೂರಿನಿಂದ ಭಟ್ಕಳದ ತನಕ ಆ ಬೆವರಿನಿಂದ ಎದ್ದ ಮನೆ, ಮದ್ರಸ, ಕಾಲೇಜುಗಳಿವೆ. ಇದೀಗ ಊರಿನ ಜಮೀನು ಮಾರಿದ ಹಣ ದುಬೈಯ ಫ್ಲಾಟುಗಳತ್ತ ಹೊರಡುವುದನ್ನೂ ನಾವು ಕಾಣುತ್ತಿದ್ದೇವೆ. 2002ರಲ್ಲಿ ದುಬೈ ಆಡಳಿತವು ನಿಗದಿತ ಪ್ರದೇಶಗಳಲ್ಲಿ ವಿದೇಶೀಯರಿಗೆ ಪೂರ್ಣ ಒಡೆತನದ ಅವಕಾಶ ನೀಡಿತು. 2006ರ ಕಾನೂನು ಅದಕ್ಕೆ ನೋಂದಣಿಯ ಭದ್ರತೆ ಒದಗಿಸಿತು. ಅಲ್ಲಿ ಮನೆ ಕೊಳ್ಳುವುದು ಅಪರಾಧವಲ್ಲ. ಆ ಹಣ ಯಾವ ದಾರಿಯಲ್ಲಿ ಹೋಗುತ್ತಿದೆ, ಅದಕ್ಕೆ ದಾಖಲೆಯೇನಿದೆ ಎಂಬುದು ಮಾತ್ರ ಗಂಭೀರ ಪ್ರಶ್ನೆ.

ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ದುಬೈಯಲ್ಲಿರುವ ಭಾವ ಅಲ್ಲಿನ ಬಿಲ್ಡರ್‌ಗೆ ದಿರ್ಹಮ್ ಕಟ್ಟುತ್ತಾನೆ. ಇಲ್ಲಿರುವವನು ಅಷ್ಟೇ ಮೌಲ್ಯದ ರೂಪಾಯಿಯನ್ನು ಭಾವನ ಮನೆಗೆ ತಲುಪಿಸುತ್ತಾನೆ. ಇದು ಹವಾಲಾ ಅಲ್ಲ, ಕುಟುಂಬದೊಳಗಿನ ಕೊಡುಕೊಳ್ಳುವಿಕೆ ಎಂಬುದು ಇಬ್ಬರ ಸಮಾಧಾನ. ಆದರೆ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅರ್ಥಾತ್ ಫೆಮಾ, ಈ ಸಮಾಧಾನವನ್ನು ಒಪ್ಪುವುದಿಲ್ಲ. ವಿದೇಶದ ಆಸ್ತಿಗೆ ಪ್ರತಿಯಾಗಿ ಭಾರತದೊಳಗೆ ಹೀಗೆ ಹಣ ಕೈಬದಲಾಯಿಸುವುದನ್ನು ಅದರ 3ನೇ ಕಲಮು ನಿಷೇಧಿಸಿದೆ. ಉಲ್ಲಂಘಿಸಿದರೆ ಮೊತ್ತದ ಮೂರು ಪಟ್ಟಿನ ತನಕ ದಂಡ ವಿಧಿಸಬಹುದು. 2015ರಲ್ಲಿ ಸೇರಿಸಲಾದ 37ಎ ಕಲಮಿನಂತೆ, ವಿದೇಶದಲ್ಲಿ ಅಕ್ರಮವಾಗಿ ಹೊಂದಿದ ಆಸ್ತಿಗೆ ಸಮನಾದ ಆಸ್ತಿಯನ್ನು ಇಲ್ಲಿಯೇ ಮುಟ್ಟುಗೋಲು ಹಾಕಲು ಅವಕಾಶವಿದೆ. ಅಂದರೆ ದುಬೈಯ ಫ್ಲಾಟಿನ ಆಸೆಗೆ ತಂದೆ ಕಟ್ಟಿದ ಊರಿನ ಮನೆಯೇ ಅಪಾಯಕ್ಕೆ ಸಿಲುಕಬಹುದು.

ಇಷ್ಟಾದರೂ ಜನರು ಬ್ಯಾಂಕನ್ನು ಬಿಟ್ಟು ಈ ದಾರಿ ಹಿಡಿಯುವುದೇಕೆ? ಬ್ಯಾಂಕಿಗೆ ಹೋದರೆ ಶೇ. 20 ತೆರಿಗೆ ಹೋಗುತ್ತದೆ ಎಂದು ದಲ್ಲಾಳಿಗಳು ಹೆದರಿಸುತ್ತಾರೆ. ಇದು ಅರ್ಧ ಸತ್ಯ. ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿಗಿಂತ ಮೇಲ್ಪಟ್ಟ ಇಂತಹ ರವಾನೆಯ ಮೇಲೆ ಬ್ಯಾಂಕು ಶೇ. 20ರಷ್ಟನ್ನು ಮುಂಗಡವಾಗಿ ಸಂಗ್ರಹಿಸುವುದು ನಿಜ. ಒಂದು ಕೋಟಿ ಕಳುಹಿಸುವವನು 18 ಲಕ್ಷ ಕೂಡಿಟ್ಟುಕೊಂಡಿರಬೇಕು. ಆದರೆ ಆ ಹಣ ಅವನ ಪ್ಯಾನ್ ಖಾತೆಯಲ್ಲಿ ಜಮೆಯಾಗಿ ಆದಾಯ ತೆರಿಗೆಗೆ ಹೊಂದಾಣಿಕೆಯಾಗುತ್ತದೆ. ಹೆಚ್ಚಾದುದು ವಿವರಣಪತ್ರ ಸಲ್ಲಿಸಿದ ಬಳಿಕ ಮರಳಿ ಬರುತ್ತದೆ. ಮರಳಿ ಬರುವ ಹಣಕ್ಕೆ ಹೆದರಿ, ಮರಳಿ ಬಾರದ ದಂಡವನ್ನು ಮೈಮೇಲೆ ಎಳೆದುಕೊಳ್ಳುವುದು ಯಾವ ಲೆಕ್ಕಾಚಾರ?

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಇಲ್ಲಿನ ನಿವಾಸಿಯೊಬ್ಬನು ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಕಳುಹಿಸಬಹುದು. ದಿರ್ಹಮ್‌ನ ದರವು ಡಾಲರಿಗೆ 3.6725ರಂತೆ ಸ್ಥಿರವಾಗಿರುವುದರಿಂದ ಹತ್ತು ಲಕ್ಷ ದಿರ್ಹಮ್‌ನ ಮನೆಯೆಂದರೆ ಸುಮಾರು 2,72,300 ಡಾಲರ್. ಒಬ್ಬನ ಒಂದು ವರ್ಷದ ಮಿತಿಯನ್ನು ಇದು ಮೀರುತ್ತದೆ. ಪತಿ ಪತ್ನಿ ಸಹಮಾಲೀಕರಾಗಿ ತಮ್ಮ ತಮ್ಮ ಮಿತಿಯಿಂದ ಕಳುಹಿಸಿದರೆ ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ. ಬ್ಯಾಂಕಿನ ಎ2 ಅರ್ಜಿಯಲ್ಲಿ ಉದ್ದೇಶವನ್ನು ಸ್ಥಿರಾಸ್ತಿ ಖರೀದಿ ಎಂದೇ ಬರೆಯಬೇಕು. ಮನೆ ಕೊಳ್ಳುವ ಹಣಕ್ಕೆ 'ಸಂಬಂಧಿಕರ ಜೀವನ ನಿರ್ವಹಣೆ' ಎಂದು ಬರೆಸುವುದು ಸುಳ್ಳು. ವಿನಿಮಯ ದರವನ್ನೂ ಎರಡು ಮೂರು ಬ್ಯಾಂಕುಗಳಲ್ಲಿ ವಿಚಾರಿಸಿ ಹೋಲಿಸಬೇಕು. ದಿರ್ಹಮ್‌ಗೆ ಹತ್ತು ಪೈಸೆಯ ವ್ಯತ್ಯಾಸವಾದರೂ ಹತ್ತು ಲಕ್ಷ ದಿರ್ಹಮ್‌ಗೆ ಒಂದು ಲಕ್ಷ ರೂಪಾಯಿ ಆಗುತ್ತದೆ. ಮೀನು ಕೊಳ್ಳುವಾಗ ಹತ್ತು ರೂಪಾಯಿಗೆ ಚೌಕಾಶಿ ಮಾಡುವ ನಾವು ಇಲ್ಲಿ ಮೌನವಾಗಿರುವುದು ವಿಪರ್ಯಾಸವೇ ಸರಿ.

ಕೊಲ್ಲಿಯಲ್ಲಿ ಅನಿವಾಸಿಯಾಗಿ ದುಡಿಯುತ್ತಿರುವವನಿಗೆ ಈ ಮಿತಿ ಅನ್ವಯಿಸುವುದಿಲ್ಲ. ತನ್ನ ಸಂಬಳದಿಂದ ಅಲ್ಲೇ ಕೊಂಡ ಮನೆಯನ್ನು ಅವನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಬಹುದು ಎಂದು ಫೆಮಾದ 6(4) ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಮರಳಿ ಬಂದು ತೆರಿಗೆ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯ ನಿವಾಸಿಯಾದ ಬಳಿಕ, ಆ ಮನೆಯನ್ನೂ ಅದರ ಬಾಡಿಗೆಯನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ಆದಾಯ ತೆರಿಗೆ ವಿವರಣಪತ್ರದಲ್ಲಿ ತೋರಿಸಲೇಬೇಕು. ತೋರಿಸದವನಿಗೆ 10 ಲಕ್ಷ ರೂಪಾಯಿ ದಂಡ ವಿಧಿಸಲು 2015ರ ಕಪ್ಪುಹಣ ಕಾಯ್ದೆಯಲ್ಲಿ ಅವಕಾಶವಿದೆ. ಹಣದ ಮೂಲವನ್ನೇ ವಿವರಿಸಲಾಗದಿದ್ದರೆ ಆಸ್ತಿಯ ಮೌಲ್ಯದ ಶೇ. 30 ತೆರಿಗೆ, ಅದರ ಮೂರು ಪಟ್ಟು ದಂಡ, ಒಟ್ಟು ಶೇ. 120. ಮನೆ ಮಾರಿದರೂ ಅದು ತೀರದು. ಎಮಿರೇಟ್ಸ್‌ನ ಬ್ಯಾಂಕ್ ಖಾತೆಗಳ ಮಾಹಿತಿಯು 2018ರಿಂದ ಅಂತಾರಾಷ್ಟ್ರೀಯ ಒಪ್ಪಂದದಂತೆ ವಿನಿಮಯವಾಗುತ್ತಿರುವಾಗ, ಯಾರಿಗೂ ತಿಳಿಯದು ಎಂಬ ಧೈರ್ಯಕ್ಕೆ ಅರ್ಥವಿಲ್ಲ.

ದುಬೈಯ ಕಡೆಯ ದಾಖಲೆಗಳಲ್ಲೂ ಇದೇ ಉದಾಸೀನ. ನಿರ್ಮಾಣ ಹಂತದ ಕಟ್ಟಡಕ್ಕೆ ಕಟ್ಟುವ ಹಣವು ಆ ಯೋಜನೆಯ ಹೆಸರಿನ ಎಸ್ಕ್ರೋ ಖಾತೆಗೇ ಹೋಗಬೇಕೆಂದು ಅಲ್ಲಿನ 2007ರ ಕಾನೂನು ವಿಧಿಸಿದೆ. 2008ರ ಆರ್ಥಿಕ ಕುಸಿತದಲ್ಲಿ ಅಲ್ಲಿ ಅನೇಕ ಯೋಜನೆಗಳು ಅರ್ಧಕ್ಕೆ ನಿಂತದ್ದನ್ನು ಕಂಡೂ ನಮ್ಮವರು ದಲ್ಲಾಳಿಯ ಸ್ವಂತ ಖಾತೆಗೆ ಹಣ ಹಾಕುತ್ತಾರೆ! ಭೂ ಇಲಾಖೆಯ ಶೇ. 4 ನೋಂದಣಿ ಶುಲ್ಕವನ್ನು ಬಜೆಟ್ಟಿನಲ್ಲಿ ಸೇರಿಸದೆ ಮುಂಗಡ ಕೊಡುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಸುಲಭವೆಂದು ಮನೆಯನ್ನು ಭಾವನ ಹೆಸರಿನಲ್ಲೇ ನೋಂದಾಯಿಸುತ್ತಾರೆ.

ಆ ಭಾವ ನಾಳೆ ತೀರಿಕೊಂಡರೆ? ದಾಖಲೆಯ ಪ್ರಕಾರ ಮನೆ ಅವನ ಮಕ್ಕಳದ್ದು. ಹಣ ಕೊಟ್ಟವನೇ ತೀರಿಕೊಂಡರೆ? ಇದ್ದತ್‌ನಲ್ಲಿ ಕುಳಿತಿರುವ ಅವನ ಪತ್ನಿಗೆ ಅಂಥದೊಂದು ಮನೆಯಿದೆಯೆಂದೇ ತಿಳಿದಿರುವುದಿಲ್ಲ. ತಿಳಿದರೂ ತೋರಿಸಲು ಒಂದು ರಸೀದಿಯಿಲ್ಲ. ಅವನದೇ ಹೆಸರಿನಲ್ಲಿದ್ದರೂ ವಾರಸುದಾರರು ಅಲ್ಲಿನ ನ್ಯಾಯಾಲಯಕ್ಕೆ ಹೋಗಬೇಕು; ಇಲ್ಲಿನ ಮರಣ, ವಿವಾಹ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯ ಹಾಗೂ ಎಮಿರೇಟ್ಸ್ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿ ಅರಬಿಗೆ ಭಾಷಾಂತರಿಸಬೇಕು. ಯತೀಮರ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಕೇಳುವ ಸಮುದಾಯವು ತನ್ನ ಮಕ್ಕಳ ಹಕ್ಕನ್ನು ಹೀಗೆ ಬಾಯಿಮಾತಿಗೆ ಒಪ್ಪಿಸುವುದು ನ್ಯಾಯವೇ?

ದೊಡ್ಡವರು ಕಂಪೆನಿಗಳ ಮರೆಯಲ್ಲಿ ಸಂಪತ್ತನ್ನು ಹೊರಗೆ ಸಾಗಿಸುವುದಿಲ್ಲವೇ ಎಂದು ಕೆಲವರು ಕೇಳಬಹುದು. 2016ರ ಪನಾಮಾ ದಾಖಲೆಗಳು ಅವರ ಬಣ್ಣವನ್ನು ಬಯಲು ಮಾಡಿವೆ. ಕಾನೂನಿನ ಕೈ ಅವರತ್ತ ನಿಧಾನವಾಗಿಯೂ ಸಣ್ಣವರತ್ತ ವೇಗವಾಗಿಯೂ ಚಾಚುತ್ತದೆ ಎಂಬ ದೂರು ನಮ್ಮದೂ ಆಗಿದೆ. ಅದನ್ನು ಪ್ರಶ್ನಿಸುತ್ತಲೇ ಇರಬೇಕು. ಆದರೆ ಅವರ ಅಕ್ರಮವು ನಮ್ಮ ಅಕ್ರಮಕ್ಕೆ ಪರವಾನಿಗೆಯಲ್ಲ. ಅದರಲ್ಲೂ ಕರಾವಳಿಯ ಮುಸ್ಲಿಮನ ಪ್ರತಿಯೊಂದು ರೂಪಾಯಿಯನ್ನೂ ಸಂಶಯದಿಂದ ನೋಡುವವರಿರುವ ಕಾಲದಲ್ಲಿ, ಹಲಾಲಾಗಿ ದುಡಿದ ಹಣವನ್ನು ನಾವೇ ಕಳ್ಳದಾರಿಯಲ್ಲಿ ನಡೆಸಿ ಅದಕ್ಕೆ ಕಳಂಕ ಹಚ್ಚಬೇಕೇ?

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಅಲ್‌ಬಕರ ಅಧ್ಯಾಯದ 282ನೆಯದು. ಸಾಲದ ವ್ಯವಹಾರ ಸಣ್ಣದಿರಲಿ ದೊಡ್ಡದಿರಲಿ, ಅವಧಿಸಹಿತ ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು ಎಂಬುದೇ ಅದರ ಬೋಧನೆ. ಬರೆಯೋಣವೇ ಎಂದು ಕೇಳಿದವನನ್ನು 'ನಂಬಿಕೆಯಿಲ್ಲದವನು' ಎಂದು ಹೀಯಾಳಿಸುವ ನಮ್ಮ ರೂಢಿ ಈ ಬೋಧನೆಗೆ ನೇರ ವಿರುದ್ಧವಾಗಿದೆ. ನಮ್ಮ ಜಮಾಅತ್‌ಗಳು ವರ್ಷಕ್ಕೊಮ್ಮೆಯಾದರೂ ಓರ್ವ ಲೆಕ್ಕ ಪರಿಶೋಧಕರನ್ನೂ ಓರ್ವ ವಕೀಲರನ್ನೂ ಕರೆಸಿ ಈ ವಿಷಯಗಳನ್ನು ತಿಳಿಸಲಿ; ಆ ಸಭೆಯಲ್ಲಿ ಮಹಿಳೆಯರಿಗೂ ಸ್ಥಾನವಿರಲಿ. ಈಗಾಗಲೇ ಮನೆ ಕೊಂಡವರು ಬ್ಯಾಂಕಿನ ರಸೀದಿ, ಕರಾರು, ಹಕ್ಕುಪತ್ರಗಳನ್ನು ಒಂದೆಡೆ ಸೇರಿಸಿ, ಅವೆಲ್ಲಿವೆ ಎಂಬುದನ್ನು ಇಂದೇ ಪತ್ನಿಗೆ ತಿಳಿಸಲಿ.