ಗೆರೆಗೆ ನಡೆ ಕಲಿಸುವ ಊರುಗಳು

ಓಡುವ ಕುದುರೆಯನ್ನು ಬಿಡಿಸಲು ಕುಳಿತ ಚಿತ್ರಕಲಾ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕೆಂದರೆ ಗೆರೆಯ ಜಡತೆ. ನಾಲ್ಕು ಕಾಲುಗಳೂ ಅಳತೆಗೆ ಸರಿಯಾಗಿರುತ್ತವೆ; ಆದರೂ ಕುದುರೆ ಓಡುವುದಿಲ್ಲ. ರೇಖೆ, ಚಲನೆ, ಬಣ್ಣ ಈ ಮೂರನ್ನೂ ಕೂಡಿಸುವ ಪ್ರಯೋಗ ಅಲ್ಲಿಂದಲೇ ಆರಂಭವಾಗುತ್ತದೆ. ಇದಕ್ಕಾಗಿ ಹಿಂದೂಪುರ, ಕಲ್ಯಾಣದುರ್ಗಗಳ ಮಕ್ಕಳು ಮಹಾನಗರದ ಕಲಾಶಾಲೆಯನ್ನು ಸೇರುವವರೆಗೆ ಕಾಯಬೇಕಾಗಿಲ್ಲ. ಎರಡು ಹಿರಿಯ ಪಾಠಶಾಲೆಗಳು ಅವರ ನೆರೆಯಲ್ಲಿಯೇ ಇವೆ.

ಮೊದಲನೆಯದು ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿ. ಅಲ್ಲಿನ ವೀರಭದ್ರ ದೇವಾಲಯವು 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಯಲ್ಲಿ, ವಿರೂಪಣ್ಣನ ಮುತುವರ್ಜಿಯಿಂದ ಈಗಿನ ವೈಭವವನ್ನು ಪಡೆಯಿತು. ದೇವಾಲಯದಲ್ಲಿ ಅನೇಕ ಕನ್ನಡ ಶಾಸನಗಳಿವೆ. ಆದ್ದರಿಂದ ಕನ್ನಡ ಮಾಧ್ಯಮದ ಮಗು ಅಲ್ಲಿ ಪರಕೀಯನಲ್ಲ. ನಾಟ್ಯಮಂಟಪದ ಕಂಬಗಳಲ್ಲಿ ಕುಣಿಯುವವರೂ ವಾದ್ಯ ನುಡಿಸುವವರೂ ಕಲ್ಲಾಗಿ ನಿಂತಿದ್ದಾರೆ. ತಲೆಯೆತ್ತಿದರೆ ದ್ರೌಪದಿಯ ಸ್ವಯಂವರ, ಕಿರಾತಾರ್ಜುನರ ಪ್ರಸಂಗ ಮೊದಲಾದ ವರ್ಣಚಿತ್ರಗಳು ಕಾಣುತ್ತವೆ.

ಆ ಚಿತ್ರಕಾರರ ಕೈಯಲ್ಲಿದ್ದ ಬಣ್ಣಗಳು ಕೆಲವೇ: ಕಾವಿಯ ಕೆಂಪು, ಹಳದಿ, ಕಪ್ಪು, ಬಿಳಿ, ಹಸಿರು. ನೆರಳು-ಬೆಳಕಿನ ಮೋಡಿಯನ್ನು ಅವರು ನೆಚ್ಚಲಿಲ್ಲ. ಚಲನೆಯ ಭಾರವನ್ನೆಲ್ಲ ಗಾಢವಾದ ಹೊರರೇಖೆಯೇ ಹೊತ್ತಿದೆ. ಪಕ್ಕಕ್ಕೆ ತಿರುಗಿದ ಮುಖ, ಬಾಗಿದ ನಡು, ಮೈಯಿಂದ ಹೊರಕ್ಕೆ ಚಾಚಿದ ಸೆರಗಿನ ಮೊನೆ ಇವು ನಿಂತ ಆಕೃತಿಗೂ ಹೆಜ್ಜೆಯಿಡುವ ಭಾವವನ್ನು ತರುತ್ತವೆ. ಕಥೆಯೋ ಪಟ್ಟಿಪಟ್ಟಿಯಾಗಿ ಸಾಗುತ್ತದೆ. ಅದನ್ನು ಓದಲು ನೋಡುವವನೇ ನಡೆಯಬೇಕು.

ಎರಡನೆಯ ಪಾಠಶಾಲೆ ಕಲ್ಯಾಣದುರ್ಗದಿಂದ ಪೂರ್ವಕ್ಕೆ, ಧರ್ಮಾವರದ ಬಳಿಯ ನಿಮ್ಮಲಕುಂಟ. ಮನೆಯಲ್ಲಿ ಮರಾಠಿ ಆಡುತ್ತ, ಪರದೆಯ ಹಿಂದೆ ತೆಲುಗಿನಲ್ಲಿ ರಾಮಾಯಣ, ಮಹಾಭಾರತಗಳನ್ನು ಹೇಳುವ ತೊಗಲುಗೊಂಬೆಯವರ ಊರು ಅದು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಗೊಂಬೆಗಳ ಪಾರ್ಶ್ವಮುಖ, ಒಡವೆ, ಉಡುಗೆಗಳಿಗೂ ಲೇಪಾಕ್ಷಿಯ ಚಿತ್ರಗಳಿಗೂ ಇರುವ ಹೋಲಿಕೆ ಮೊದಲ ನೋಟಕ್ಕೇ ಗೋಚರಿಸುತ್ತದೆ.

ಆದರೆ ಇಲ್ಲಿ ಚಲನೆಯ ಉಪಾಯವೇ ಬೇರೆ. ತೊಗಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ಚಿತ್ರ ಬರೆಯುತ್ತಾರೆ. ಉಳಿಯಿಂದ ಕೊರೆದ ಸಣ್ಣ ರಂಧ್ರಗಳು ಪರದೆಯ ಮೇಲೆ ಮುತ್ತಿನ ಹಾರಗಳಾಗುತ್ತವೆ. ತೋಳು, ಮೊಣಕೈ, ಕಾಲುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ದಾರದಿಂದ ಪೋಣಿಸುತ್ತಾರೆ. ಹಾಗಾಗಿ ಚಿತ್ರ ಬರೆಯುವಾಗಲೇ ಕೀಲು ಎಲ್ಲಿ ಬರಬೇಕೆಂಬುದು ಕೈಗೆ ತಿಳಿದಿರಬೇಕು. ಬಣ್ಣವೂ ಇಲ್ಲಿ ಹೊಸ ಗುಣ ತಾಳುತ್ತದೆ: ಕಾಗದದ ಕೆಂಪು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ, ತೊಗಲಿನ ಕೆಂಪು ಬೆಳಕನ್ನು ತನ್ನೊಳಗಿಂದ ಹಾಯಿಸಿಕೊಂಡು ಉರಿಯುತ್ತದೆ.

ಗೆರೆಯನ್ನು ಮೈಯಿಂದಲೇ ಅರಿಯಬೇಕೆಂಬುದಕ್ಕೆ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರು ಸಾಕ್ಷಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು ಅವರು. ಅಂಥವರೂ ಲಯವನ್ನು ಅರಿಯಲು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಕೆಲವೇ ಗೆರೆಗಳಲ್ಲಿ ನರ್ತಕಿಯ ಸುತ್ತನ್ನು ಹಿಡಿಯುವ ಅವರ ರೇಖಾಚಿತ್ರಗಳು ‘ಹಾಡುವ ರೇಖೆ’ ಎಂದೇ ಹೆಸರಾದವು.

ಈ ಪ್ರಯೋಗ ಮನೆಯಲ್ಲಿಯೂ ಸಾಧ್ಯ. ಹಳೆಯ ರಟ್ಟಿನಲ್ಲಿ ಒಂದು ಆಕೃತಿಯನ್ನು ಕತ್ತರಿಸಿ, ಕೈಕಾಲುಗಳನ್ನು ದಾರದಿಂದ ಕಟ್ಟಿ, ಬಿಳಿ ಪಂಚೆಯ ಹಿಂದೆ ಟಾರ್ಚು ಹಿಡಿದರೆ ಸಾಕು. ಗೊಂಬೆಯನ್ನು ಒಂದೊಂದು ಭಂಗಿಯಲ್ಲಿ ನಿಲ್ಲಿಸಿ ಆ ನೆರಳನ್ನು ಬರೆದುಕೊಂಡ ಮಗುವಿಗೆ, ಹೆಜ್ಜೆಯೆತ್ತುವಾಗ ಭಾರ ಯಾವ ಕಾಲಿಗೆ ಬೀಳಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಇಂದು ನಿಮ್ಮಲಕುಂಟದ ಕೈಗಳು ಜೀವನೋಪಾಯಕ್ಕಾಗಿ ಹೆಚ್ಚಾಗಿ ದೀಪದ ಹೊದಿಕೆಗಳನ್ನು ಮಾಡುತ್ತಿವೆ. ಲೇಪಾಕ್ಷಿಯ ಬಣ್ಣ ಹಲವೆಡೆ ಮಾಸಿದೆ. ಇತ್ತ ಪರೀಕ್ಷೆಯ ಭಯದಲ್ಲಿ, ಲೆಕ್ಕದ ಪುಸ್ತಕದ ಅಂಚಿನ ಚಿತ್ರಗಳಿಗೆ ಮನೆಗಳಲ್ಲಿ ಗದರಿಕೆಯೇ ಸಿಗುತ್ತಿದೆ. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಆ ಕೈ ಬರೆಯುವುದನ್ನೇ ಮರೆಯಬಾರದು. ಬರುವ ರಜೆಯಲ್ಲಿ ತಂದೆತಾಯಂದಿರು ಮಕ್ಕಳನ್ನು ಲೇಪಾಕ್ಷಿಗೆ ಕರೆದೊಯ್ಯಲಿ. ಕೈಯಲ್ಲಿ ಒಂದು ಪೆನ್ಸಿಲು, ಗೆರೆಯಿಲ್ಲದ ಒಂದು ಪುಸ್ತಕ ಇರಲಿ. ಫೋಟೋ ಹಿಡಿಯುವ ಅವಸರ ಬೇಡ. ಮಂಟಪದ ಒಂದೇ ಒಂದು ಕಂಬದ ಮುಂದೆ ಅರ್ಧ ಗಂಟೆ ಕುಳಿತು ಬರೆಯುವಷ್ಟು ಬಿಡುವನ್ನು ಆ ಮಗುವಿಗೆ ಕೊಡಲಿ.