ಕೈ ಬಿಡುವಾಯಿತು, ತಲೆ ಬಿಡುವಾಯಿತೆ?

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರಿಗೆ ದಿನವೂ ಕಾಣುವ ನೋಟ ಇದು. ಕೆಳಗೆ ಪಕ್ಕದಲ್ಲೇ ಒಂದು ಕಾರು. ಒಳಗೆ ಒಬ್ಬರೇ. ಕೆಲವರು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕತ್ತು ಸೊಟ್ಟ ಮಾಡಿಕೊಂಡು ಹೊರಟಿರುತ್ತಾರೆ. ಇನ್ನು ಕೆಲವರ ಕೈಯಲ್ಲೂ ಏನಿಲ್ಲ, ಕಿವಿಯಲ್ಲೂ ಏನಿಲ್ಲ, ಬಾಯಿ ಮಾತ್ರ ಆಡುತ್ತಲೇ ಇರುತ್ತದೆ. ಇಪ್ಪತ್ತು ವರ್ಷದ ಹಿಂದಾಗಿದ್ದರೆ ‘ಪಾಪ, ಏನಾಯ್ತೋ ಮನುಷ್ಯನಿಗೆ’ ಎಂದು ಮರುಗುತ್ತಿದ್ದರು. ಈಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾರಿಗೆ ಬ್ಲೂಟೂತ್ ಕಿಟ್ ಹಾಕಿಸಿದ್ದಾರೆ, ಅಷ್ಟೆ.

“ಇದೊಂದು ಹಾಕ್ಸಿಬಿಡಿ ಸಾರ್, ಪೊಲೀಸ್ರೂ ಹಿಡಿಯಲ್ಲ, ಆಕ್ಸಿಡೆಂಟೂ ಆಗಲ್ಲ” ಎಂಬುದು ಮಾರುವವರ ಮಾತು. ಈ ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಎರಡನೆಯ ಅರ್ಧ ಶುದ್ಧ ಸುಳ್ಳು. ಕೊಳ್ಳುವವರು ಬಹಳ ಮಂದಿ ಎರಡನೆಯ ಅರ್ಧವನ್ನೇ ನಂಬಿ ಕೊಳ್ಳುತ್ತಿದ್ದಾರೆ ಎಂಬುದೇ ಯೋಚಿಸಬೇಕಾದ ಸಂಗತಿ.

ಹಾಗಂತ ‘ಗಾಡಿ ಹತ್ತಿದ ಮೇಲೆ ಫೋನ್ ಮುಟ್ಟಲೇ ಬೇಡಿ’ ಎಂದು ಉಪದೇಶ ಮಾಡುವುದು ಸುಲಭ, ಕೇಳುವವರು ಯಾರು? ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಗೆ ತಿಪಟೂರಿನ ಧಾರಣೆ ಬೇಕು. ಅರಕಲಗೂಡು ಸೀಮೆಯ ಹೊಗೆಸೊಪ್ಪಿನ ಬೆಳೆಗಾರನಿಗೆ ಹರಾಜಿನ ಕಾಲದಲ್ಲಿ ರಾಮನಾಥಪುರದ ಸುದ್ದಿ ಬೇಕು. ಹೊಳೆನರಸೀಪುರದ ದಿನಸಿ ಅಂಗಡಿಯವರು ಹಾಸನಕ್ಕೆ ಮಾಲು ತರಲು ಹೊರಟರೆ, ದಾರಿಯಲ್ಲೇ ಅಂಗಡಿ ಹುಡುಗ “ಅಣ್ಣಾ, ಎಣ್ಣೆ ಟಿನ್ನು ಮುಗ್ದೋಯ್ತು” ಅಂತ ಫೋನ್ ಮಾಡುತ್ತಾನೆ. ವ್ಯಾಪಾರಸ್ಥರಿಗೆ ಫೋನು ಎಂದರೆ ತಕ್ಕಡಿ ಇದ್ದ ಹಾಗೆ, ಒಳಗಿಟ್ಟು ಕೂರಲಾಗದು. ಆದ್ದರಿಂದ ಕಿಟ್ ಬೇಕೆ ಬೇಡವೆ ಎಂಬ ಚರ್ಚೆಗಿಂತ ಯಾವ ಕಿಟ್, ಎಷ್ಟು ಮಾತು ಎಂಬ ಚರ್ಚೆಯೇ ಉಪಯೋಗದ್ದು.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯನ್ನು 2019ರಲ್ಲಿ ತಿದ್ದಿದರು. ಆ ವರ್ಷದ ಸೆಪ್ಟೆಂಬರ್ 1ರಿಂದ, ಗಾಡಿ ಓಡಿಸುತ್ತಾ ಕೈಯಲ್ಲಿ ಹಿಡಿಯುವ ಫೋನನ್ನು ಬಳಸುವುದು 184ನೇ ಕಲಮಿನ ಪ್ರಕಾರ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ ಸಾವಿರದಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ, ಇಲ್ಲವೆ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡ ಹತ್ತು ಸಾವಿರಕ್ಕೆ ಏರುತ್ತದೆ. ರಸ್ತೆಯಲ್ಲಿ ಕಟ್ಟಿ ಮುಗಿಸುವ ದಂಡದ ದರ ರಾಜ್ಯ ಸರ್ಕಾರದ ಕೈಯಲ್ಲಿದೆ. ಕರ್ನಾಟಕ ಅದೇ ತಿಂಗಳು ಹಲವು ದರಗಳನ್ನು ಇಳಿಸಿತು. 2023ರ ಫೆಬ್ರವರಿಯಲ್ಲಂತೂ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟು, ಬೆಂಗಳೂರಿನ ಜನ ಆಷಾಢದ ಸೀರೆ ಸೇಲಿಗೆ ನಿಂತ ಹಾಗೆ ಸಾಲು ನಿಂತು ಕಟ್ಟಿದರು!

2020ರ ಅಕ್ಟೋಬರ್ 1ರಿಂದ ಕೇಂದ್ರದ ನಿಯಮಕ್ಕೆ ಇನ್ನೊಂದು ಸಾಲು ಸೇರಿದೆ. ಚಾಲಕನ ಗಮನ ಕದಡದ ಹಾಗೆ, ದಾರಿ ನೋಡುವುದಕ್ಕೆ ಮಾತ್ರ ಫೋನ್ ಬಳಸಬಹುದು ಎಂದು. ಕಾರಿನ ಸ್ಪೀಕರಿನಲ್ಲಿ ಮಾತಾಡುವವರು ಕೈಯಲ್ಲಿ ಫೋನ್ ಹಿಡಿದಿಲ್ಲವಾದ್ದರಿಂದ 184ರ ಆ ಮಾತಿನಿಂದ ಹೊರಗುಳಿಯುತ್ತಾರೆ. ಅಂಗಡಿಯವರು ‘ಪೊಲೀಸ್ರು ಹಿಡಿಯಲ್ಲ’ ಎನ್ನುವುದು ಈ ಧೈರ್ಯದ ಮೇಲೆ. ಆದರೆ ಲೈಸೆನ್ಸಿನ ಮಾತು ಬೇರೆ. ಲೈಸೆನ್ಸ್ ತಡೆಹಿಡಿಯಲು ಕಾರಣವಾಗುವ ತಪ್ಪುಗಳ ಪಟ್ಟಿ ಕೇಂದ್ರ ನಿಯಮಗಳ 21ನೇ ನಿಯಮದಲ್ಲಿದೆ. ಅಲ್ಲಿ ‘ಚಾಲನೆ ಮಾಡುವಾಗ ಮೊಬೈಲ್ ಬಳಕೆ’ ಎಂದಿದೆಯೇ ಹೊರತು ಕೈಯಲ್ಲಿ ಹಿಡಿದೋ ಹಿಡಿಯದೆಯೋ ಎಂದು ಬಿಡಿಸಿ ಹೇಳಿಲ್ಲ. ಸುಪ್ರೀಂ ಕೋರ್ಟು ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿ 2015ರ ಆಗಸ್ಟ್‌ನಲ್ಲೇ, ಇಂಥ ಪ್ರಕರಣದಲ್ಲಿ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ರಾಜ್ಯಗಳಿಗೆ ತಾಕೀತು ಮಾಡಿತ್ತು. ಬಾಡಿಗೆ ಗಾಡಿ ಓಡಿಸಿ ಹೊಟ್ಟೆ ಹೊರೆಯುವವನಿಗೆ ಮೂರು ತಿಂಗಳು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಸರಕಿನ ವಿಚಾರ. ಬ್ಲೂಟೂತ್ ಎನ್ನುವುದು ಹತ್ತನೇ ಶತಮಾನದ ಡೆನ್ಮಾರ್ಕಿನ ಒಬ್ಬ ರಾಜನ ಅಡ್ಡಹೆಸರು. ಸ್ವೀಡನ್ನಿನ ಎರಿಕ್ಸನ್ ಕಂಪನಿ 1994ರಲ್ಲಿ ಶುರು ಮಾಡಿದ ಕೆಲಸಕ್ಕೆ ಆ ಹೆಸರು ಅಂಟಿಕೊಂಡಿತು. ತಂತಿಯಿಲ್ಲದೆ ಸುಮಾರು ಹತ್ತು ಮೀಟರಿನೊಳಗೆ ಫೋನಿಗೂ ಸ್ಪೀಕರಿಗೂ ಗಂಟು ಹಾಕುವುದು ಅದರ ಕೆಲಸ. ಗಂಟು ಎಲ್ಲದರಲ್ಲೂ ಒಂದೇ. ಕಿಟ್‌ನಿಂದ ಕಿಟ್‌ಗೆ ವ್ಯತ್ಯಾಸ ಬರುವುದು ಮೈಕ್ ಎಲ್ಲಿದೆ, ಧ್ವನಿ ಎಲ್ಲಿಂದ ಬರುತ್ತದೆ ಎಂಬುದರಲ್ಲಿ.

ಇತ್ತೀಚಿನ ಬಹಳಷ್ಟು ಕಾರುಗಳಲ್ಲಿ ಕಂಪನಿಯವರೇ ಹಾಕಿದ ಸೆಟ್ಟಿನಲ್ಲಿ ಈ ಸೌಕರ್ಯ ಇರುತ್ತದೆ. ಸ್ಟೀರಿಂಗಿನ ಮೇಲೆ ಫೋನಿನ ಚಿತ್ರದ ಗುಂಡಿ ಇದ್ದರೆ ಇದೆ ಎಂದೇ ಅರ್ಥ. ಅದನ್ನು ಗಮನಿಸದೆ ಮೇಲೊಂದು ಕಿಟ್ ಕೊಂಡ ಪುಣ್ಯಾತ್ಮರೂ ಇದ್ದಾರೆ.

ಹಳೆಯ ಗಾಡಿಯವರು ಮೊದಲು ಕೈ ಹಾಕುವುದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಕಿಟ್‌ಗೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದೊಂದು ಪುಟಾಣಿ ರೇಡಿಯೋ ಸ್ಟೇಷನ್ ಇದ್ದ ಹಾಗೆ. ಫೋನಿನ ಧ್ವನಿಯನ್ನು ಎಫ್.ಎಂ. ಅಲೆಯಲ್ಲಿ ಬಿಡುತ್ತದೆ, ಕಾರಿನ ರೇಡಿಯೋ ಅದನ್ನು ಹಿಡಿಯುತ್ತದೆ. ಎರಡರಲ್ಲೂ ಒಂದೇ ನಂಬರು ಇಡಬೇಕು, ಆ ನಂಬರಿನಲ್ಲಿ ಬೇರೆ ಸ್ಟೇಷನ್ ಇರಬಾರದು. ಹಾಸನ ಆಕಾಶವಾಣಿ ಇರುವುದು 102.2ರಲ್ಲಿ. ಅದರ ಆಸುಪಾಸಿನಲ್ಲಿ ಇಟ್ಟರೆ ಕೃಷಿರಂಗವೂ ಬೀಗರ ಮಾತೂ ಕಲಸುಮೇಲೋಗರವಾಗುತ್ತದೆ. ಊರಲ್ಲಿ ಖಾಲಿ ಇದ್ದ ನಂಬರು ನೆಲಮಂಗಲ ದಾಟುವ ಹೊತ್ತಿಗೆ ಖಾಲಿ ಇರುವುದಿಲ್ಲ. ಆಗ ಓಡುವ ಗಾಡಿಯಲ್ಲೇ ನಂಬರು ತಿರುಗಿಸಲು ಹೋಗುವುದಿದೆಯಲ್ಲ, ಅದು ಫೋನ್ ಹಿಡಿದು ಮಾತಾಡುವುದಕ್ಕಿಂತ ಕಮ್ಮಿ ಅಪಾಯದ್ದೇನಲ್ಲ. ಇನ್ನೊಂದು ತಮಾಷೆ: ಶಾಂತಿಗ್ರಾಮದ ಟೋಲಿನಲ್ಲಿ ಪಕ್ಕದ ಸಾಲಿನ ಕಾರಿನ ರೇಡಿಯೋ ಅದೇ ನಂಬರಿನಲ್ಲಿದ್ದರೆ, ಸಾಲಗಾರನ ಬೈಗುಳ ಅವರಿಗೂ ಕೇಳಿಸಬಹುದು.

ಈ ಕಿಟ್‌ನ ದೊಡ್ಡ ದೋಷ ಮೈಕು ಗೇರಿನ ಹತ್ತಿರ, ಬಾಯಿಗೆ ದೂರ ಇರುವುದು. ಆಚೆ ಕಡೆಯವರಿಗೆ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ. ಮಾರುತಿ ಓಮ್ನಿಯಲ್ಲಿ ಎಂಜಿನ್ನೇ ಸೀಟಿನ ಕೆಳಗೆ. ತಯಾರಿಕೆ 2019ರಲ್ಲಿ ನಿಂತರೂ ಮಾಲು ಸಾಗಿಸುವ ಅಂಗಡಿಯವರ ಬಳಿ ಓಮ್ನಿ ಇನ್ನೂ ಓಡುತ್ತಿದೆ. ಅದರಲ್ಲಿ ಇಂಥ ಕಿಟ್ ಹಾಕಿದರೆ “ಹಲೋ, ಹಲೋ, ಕೇಳಿಸ್ತಿಲ್ಲ” ಎಂದು ಕಿರುಚುವುದೇ ಕೆಲಸ. ಕಿರುಚಿ ಮಾತಾಡುವವನ ಗಮನ ರಸ್ತೆಯ ಮೇಲೆ ಎಷ್ಟಿರುತ್ತದೆ?

ಅಂಥ ಗಾಡಿಗೆ, ಚಾಲಕನ ತಲೆಯ ಮುಂದೆ ಬಿಸಿಲಿಗೆ ಇಳಿಬಿಡುವ ಹಲಗೆಗೆ ಕ್ಲಿಪ್ ಹಾಕುವ ಕಿಟ್ ವಾಸಿ. ಮೈಕೂ ಸ್ಪೀಕರೂ ಅದರಲ್ಲೇ, ಬಾಯಿಗೂ ಕಿವಿಗೂ ಹತ್ತಿರ. ರೇಡಿಯೋ ಇಲ್ಲದ ಗಾಡಿಗೂ ಆಗುತ್ತದೆ. ಆದರೆ ಒಳಗೆ ಬ್ಯಾಟರಿ ಇದೆ, ಚಾರ್ಜ್ ಮಾಡುತ್ತಿರಬೇಕು. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನಲ್ಲಿ ದಿನಗಟ್ಟಲೆ ಬಿಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ.

ಕೈಯಲ್ಲಿ ಕಾಸಿದ್ದು ಕಾರನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳುವವರು ಸೆಟ್ಟನ್ನೇ ಬದಲಾಯಿಸಿ, ತಂತಿಯಲ್ಲಿ ಬೇರೆಯಾಗಿ ಬರುವ ಮೈಕನ್ನು ಕನ್ನಡಿಯ ಬಳಿಯೋ ಸ್ಟೀರಿಂಗಿನ ಹಿಂದೋ ಕೂರಿಸುವುದೇ ಸರಿಯಾದ ದಾರಿ. ಖರ್ಚು ಸಾವಿರಗಳ ಲೆಕ್ಕದ್ದು. ಮೂಲ ತಂತಿ ಕತ್ತರಿಸದೆ ಕಪ್ಲರ್ ಹಾಕಿ ಜೋಡಿಸುವ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಬೇಕು. ದೊಡ್ಡ ಪರದೆಯ ಸೆಟ್ಟಿಗೆ ಮಾರುಹೋಗಬಾರದು. ಪರದೆ ದೊಡ್ಡದಾದಷ್ಟೂ ಕಣ್ಣು ಅತ್ತ ಹೋಗುತ್ತದೆ. ಕಣ್ಣು ರಸ್ತೆಯಿಂದ ಕದಲಿಸದೆ ಬೆರಳಿಗೆ ಸಿಗುವ ಉಬ್ಬಿದ ಗುಂಡಿ ಇರುವುದೇ ಒಳ್ಳೆಯ ಸೆಟ್ಟು.

ಯಾವುದನ್ನೇ ಕೊಂಡರೂ ಅಂಗಡಿಯ ಮುಂದೆ ನಿಂತ ಗಾಡಿಯಲ್ಲಿ ಪರೀಕ್ಷೆ ಮಾಡಿ ದುಡ್ಡು ಕೊಡಬಾರದು. ನಿಂತ ಗಾಡಿಯಲ್ಲಿ ಎಲ್ಲ ಕಿಟ್ಟೂ ಚೆನ್ನಾಗಿಯೇ ಕೇಳುತ್ತದೆ. ಒಂದು ಸುತ್ತು ಓಡಿಸಿ, ಆಚೆ ಕಡೆ ಇರುವವರಿಗೆ ಹೇಗೆ ಕೇಳಿತೆಂದು ವಿಚಾರಿಸಬೇಕು. ಕೀ ತಿರುಗಿಸಿದ ಕೂಡಲೇ ಫೋನ್ ತಾನಾಗಿ ಸೇರಿಕೊಳ್ಳುತ್ತದೆಯೆ ನೋಡಬೇಕು. ದಿನಾ ಬೆಳಗ್ಗೆ ಜೋಡಿಸಬೇಕಾದ ಕಿಟ್ ಹದಿನೈದು ದಿನದಲ್ಲಿ ಡ್ಯಾಷ್‌ಬೋರ್ಡಿನ ಪೆಟ್ಟಿಗೆ ಸೇರುತ್ತದೆ. ದೊಡ್ಡ ಲಾರಿಗಳ ಕರೆಂಟು 24 ವೋಲ್ಟು, ಕಾರಿನದು 12. ಕಿಟ್ ಎರಡಕ್ಕೂ ಆಗುತ್ತದೆಯೆ ಎಂದು ಅದರ ಮೇಲೆ ಬರೆದಿರುವುದನ್ನು ಓದಬೇಕು. ಕೆಲವು ಕಾರುಗಳಲ್ಲಿ ಕೀ ತೆಗೆದರೂ ಲೈಟರಿನ ತೂತಿಗೆ ಕರೆಂಟು ಬರುತ್ತಲೇ ಇರುತ್ತದೆ. ಅಂಥದ್ದರಲ್ಲಿ ರಾತ್ರಿ ಕಿಟ್ ಕಿತ್ತಿಡದಿದ್ದರೆ ಬೆಳಗ್ಗೆ ಗಾಡಿ ತಳ್ಳಬೇಕಾದೀತು. ಕಾರು ಮಾರುವಾಗ ಸೆಟ್ಟಿನಲ್ಲಿ ಉಳಿದ ನಂಬರುಗಳನ್ನೆಲ್ಲ ಅಳಿಸಿ ಕೊಡಬೇಕು. ಗಿರಾಕಿಗಳ ಪಟ್ಟಿಯನ್ನು ಯಾರಾದರೂ ಪುಕ್ಕಟೆ ಹಂಚುತ್ತಾರೆಯೆ?

ಇಷ್ಟೆಲ್ಲ ಸರಿಯಾಗಿ ನೋಡಿ ಕೊಂಡವರೂ ಒಂದು ಸಂಗತಿ ತಿಳಿದಿರಬೇಕು. 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇಬ್ಬರು ಸಂಶೋಧಕರು, ಅಪಘಾತ ಮಾಡಿಕೊಂಡಿದ್ದ ಫೋನುಳ್ಳ 699 ಚಾಲಕರ ಫೋನ್ ಲೆಕ್ಕ ತೆಗೆದು ನೋಡಿದರು. ಮಾತಾಡುವ ಹೊತ್ತಿನಲ್ಲಿ ಡಿಕ್ಕಿಯ ಅಪಾಯ ನಾಲ್ಕು ಪಟ್ಟು. ಕೈಯಲ್ಲಿ ಹಿಡಿಯದೆ ಮಾತಾಡಿದವರು ಹೆಚ್ಚು ಸುರಕ್ಷಿತ ಎಂಬುದಕ್ಕೆ ಅವರ ಲೆಕ್ಕದಲ್ಲಿ ಪುರಾವೆ ಸಿಗಲಿಲ್ಲ. 2006ರಲ್ಲಿ ಅಮೆರಿಕದ ಯೂಟಾದಲ್ಲಿ ನಲವತ್ತು ಜನರನ್ನು ಕೃತಕ ಕಾರಿನಲ್ಲಿ ಕೂರಿಸಿ, ಒಮ್ಮೆ ಫೋನಿನಲ್ಲಿ ಮಾತಾಡಿಸಿ, ಇನ್ನೊಮ್ಮೆ ಕುಡಿಸಿ ಓಡಿಸಿ ನೋಡಿದರು. ಫೋನಿನವರು ಕುಡಿದವರಿಗಿಂತ ಮೇಲೇನೂ ಇರಲಿಲ್ಲ. ಆಗಲೂ ಕೈಯಲ್ಲಿ ಹಿಡಿದವರಿಗೂ ಹಿಡಿಯದವರಿಗೂ ವ್ಯತ್ಯಾಸ ಕಾಣಲಿಲ್ಲ. 2011ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ, ಹ್ಯಾಂಡ್ಸ್‌ಫ್ರೀಯೂ ಸೇರಿ ಚಾಲಕರ ಫೋನ್ ಮಾತನ್ನೇ ನಿಷೇಧಿಸಿ ಎಂದು ಶಿಫಾರಸು ಮಾಡಿತು.

ಕಾರಣ ಅರ್ಥವಾಗದಂಥದ್ದೇನಲ್ಲ. ಪಕ್ಕದಲ್ಲಿ ಕೂತ ಹೆಂಡತಿಯೋ ಸ್ನೇಹಿತನೋ ಮುಂದೆ ತಿರುವು ಬಂದರೆ ತಾವಾಗಿಯೇ ಮಾತು ನಿಲ್ಲಿಸುತ್ತಾರೆ, “ನೋಡ್ಕೊಂಡ್ರೀ” ಎಂದು ಎಚ್ಚರಿಸುತ್ತಾರೆ. ತಿಪಟೂರಿನಲ್ಲಿ ಕೂತು ಕೊಬ್ಬರಿ ರೇಟು ಹೇಳುವವನಿಗೆ ಈ ರಸ್ತೆ ಕಾಣುವುದಿಲ್ಲ. ಅವನು ಮಾತಾಡುತ್ತಲೇ ಇರುತ್ತಾನೆ, ಕೇಳುವವನ ಮನಸ್ಸು ಕ್ವಿಂಟಾಲಿನ ಗುಣಾಕಾರದಲ್ಲಿ ಇರುತ್ತದೆ. ಕಣ್ಣು ರಸ್ತೆಯ ಮೇಲೇ ಇದ್ದರೂ ನೋಡಿದ್ದು ತಲೆಗೆ ಹೋಗುವುದಿಲ್ಲ.

ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. “ಎಷ್ಟಂದ್ರೀ?” ಎಂದು ಕೇಳಿ ಉತ್ತರ ಬರುವ ಮೂರು ಸೆಕೆಂಡಿನಲ್ಲಿ 66 ಮೀಟರ್. ಮಂಗಳೂರು ಹೆದ್ದಾರಿ ಅಗಲವಾಗಿದೆ ನಿಜ, ಆದರೆ ಹಳ್ಳಿಯವರು ದಾಟುವುದು ಅದನ್ನೇ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಚನ್ನರಾಯಪಟ್ಟಣದ ಕಾರ್ಖಾನೆಗೆ ತೆವಳುವುದೂ ಸಂಜೆ ಹೊತ್ತಿನಲ್ಲೇ. ಹಾಸನದಿಂದ ಗೊರೂರಿನ ಮೇಲೆ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ತಿರುವುಗಳು ಸಾಕಷ್ಟಿವೆ. ಸುಗ್ಗಿಯಲ್ಲಂತೂ ಒಳರಸ್ತೆಗಳಲ್ಲಿ ರಾಗಿ ಒಕ್ಕಣೆ ರಸ್ತೆಯ ಮೇಲೇ ನಡೆದಿರುತ್ತದೆ.

ಆದ್ದರಿಂದ ಕಿಟ್ ಇರುವುದು “ಗಾಡಿಯಲ್ಲಿದ್ದೀನಿ, ನಿಲ್ಲಿಸಿ ಮಾಡ್ತೀನಿ” ಎಂಬ ಒಂದು ವಾಕ್ಯ ಹೇಳುವುದಕ್ಕೆ ಎಂದುಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಚೌಕಾಸಿ, ಜಗಳ, ಲೆಕ್ಕ, ಆಸ್ಪತ್ರೆಯ ಸುದ್ದಿ ಇವು ನಾಲ್ಕಕ್ಕೆ ಗಾಡಿ ನಿಲ್ಲಲೇಬೇಕು. ನಿಲ್ಲಿಸುವುದೂ ಹೆದ್ದಾರಿಯ ಅಂಚಿನಲ್ಲಲ್ಲ, ಹೋಟೆಲಿನ ಅಂಗಳದಲ್ಲೋ ಬಂಕಿನಲ್ಲೋ.

ಇದರಲ್ಲಿ ಬಸ್ಸಿನಲ್ಲಿ ಕೂತವರ ಪಾಲೂ ಇದೆ. ಕಾರಿನಲ್ಲಿರುವವನಿಗೆ ಬರುವ ಫೋನಿನಲ್ಲಿ ಎಷ್ಟೋ “ಎಲ್ಲಿದ್ದೀಯ?” ಎಂಬುದಕ್ಕಷ್ಟೇ ಬಂದಿರುತ್ತವೆ. ಬಸ್ ಸ್ಟ್ಯಾಂಡಿನಲ್ಲಿ ಕರೆದೊಯ್ಯಲು ಬರುತ್ತಿರುವ ಮಗನಿಗೆ ಐದು ನಿಮಿಷಕ್ಕೊಮ್ಮೆ ಫೋನ್ ಮಾಡಿದರೆ ಅವನು ಬೇಗ ಬರುತ್ತಾನೆಯೆ?

ಅದಕ್ಕಿಂತ ಹೆಚ್ಚಿನ ಪಾಲು ಅಂಗಡಿ ಮಾಲೀಕರದು. ಕೆಲವರು ತಮ್ಮ ಟಾಟಾ ಏಸ್ ಗಾಡಿಗೆ ಕಿಟ್ ಹಾಕಿಸುತ್ತಿರುವುದು ಡ್ರೈವರ್ ಯಾವ ಹೊತ್ತಿನಲ್ಲಾದರೂ ಸಿಗಲಿ ಎಂದು. ಎರಡು ರಿಂಗಿಗೆ ಎತ್ತದಿದ್ದರೆ “ಎಲ್ಲಿ ಸತ್ತಿದ್ದೆ?” ಎಂಬ ಪ್ರಶ್ನೆ ಸಿದ್ಧ. ಇಪ್ಪತ್ತೆರಡರ ಹುಡುಗ, ತುಂಬಿದ ಗಾಡಿ, ಕಿವಿ ತುಂಬ ಯಜಮಾನರ ದನಿ. ಅವನು ಎತ್ತದೆ ಇರಲಾರ, ನಿಲ್ಲಿಸಿದರೆ ತಡವಾಯಿತೆಂದು ಬೈಸಿಕೊಳ್ಳುತ್ತಾನೆ. ಕಿಟ್ ಕೊಡಿಸಿದ ಮಾಲೀಕರು ಜೊತೆಗೆ ಒಂದು ಮಾತನ್ನೂ ಕೊಡಬೇಕು: ಹೊರಡುವಾಗ ಒಮ್ಮೆ, ಇಳಿಸಿದ ಮೇಲೆ ಒಮ್ಮೆ ನೀನೇ ಫೋನ್ ಮಾಡು, ನಡುವೆ ನಾನು ಮಾಡುವುದಿಲ್ಲ ಎಂದು. ಹಾಸನದಿಂದ ಈ ಮೂರೂ ಊರು ಹೆಚ್ಚೆಂದರೆ ಒಂದು ಗಂಟೆಯ ಹಾದಿ. ಅಷ್ಟರಲ್ಲಿ ಎಣ್ಣೆ ಟಿನ್ನಿನ ರೇಟು ಎಲ್ಲಿಗೂ ಓಡಿಹೋಗದು.