ಚೀಲ ಕಟ್ಟಿದ ಅಲಾರಂ

ಕಳೆದ ರಜೆಯಲ್ಲಿ ದುಬೈಯಿಂದ ಬಂದಿದ್ದ ನನ್ನ ಮಾಮ ಊಟದ ನಡುವೆ ಒಂದು ಸಂಗತಿ ಹೇಳಿ ನಕ್ಕರು. ಅವರ ಫ್ಲ್ಯಾಟಿನ ಚಾವಣಿಯಲ್ಲಿ ಹೊಗೆ ಅಲಾರಂ ಇದೆ. ಬಂಗುಡೆ ಹುರಿದಾಗಲೆಲ್ಲ ಅದು ಕೂಗುತ್ತದೆಂದು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿಬಿಟ್ಟಿದ್ದಾರಂತೆ. ನಾವೂ ನಕ್ಕೆವು. ಉಮ್ಮ ಮಾತ್ರ ನಗದೆ, "ರಾತ್ರಿ ಮಲಗುವಾಗಲಾದರೂ ಚೀಲ ತೆಗೆಯುತ್ತೀಯಾ?" ಎಂದು ಕೇಳಿದರು. ಮಾಮನ ಬಳಿ ಉತ್ತರವಿರಲಿಲ್ಲ.

ಈ ಅಲಾರಂಗಳು ನಿಜವಾದ ಬೆಂಕಿಗೆ ಎಷ್ಟು ಬೇಗ ಎಚ್ಚರಿಸುತ್ತವೆ ಎಂಬ ಕುತೂಹಲ ಅಂದಿನಿಂದ ನನಗೆ ಹತ್ತಿಕೊಂಡಿತು. ಅಮೆರಿಕದಲ್ಲಿ ಇದನ್ನು ಮನೆಗಳಲ್ಲೇ ಬೆಂಕಿ ಹಾಕಿ ಪರೀಕ್ಷಿಸಿದ್ದಾರೆ. 1970ರ ದಶಕದಲ್ಲಿ ಒಮ್ಮೆ ಪರೀಕ್ಷೆ ನಡೆಯಿತು. ಮತ್ತೆ ಅಲ್ಲಿನ ನಿಸ್ಟ್ ಎಂಬ ಸರ್ಕಾರಿ ಸಂಸ್ಥೆ ಹೊಸದಾಗಿ ಪರೀಕ್ಷಿಸಿ 2004ರಲ್ಲಿ ವರದಿ ಕೊಟ್ಟಿತು. ಕುರ್ಚಿ, ಹಾಸಿಗೆ, ಅಡುಗೆ ಎಣ್ಣೆಗೆ ಬೆಂಕಿ ತಗುಲಿಸಿ, ಅಲಾರಂ ಯಾವಾಗ ಕೂಗಿತು, ಒಳಗೆ ಮನುಷ್ಯ ಇರಲಾಗದ ಸ್ಥಿತಿ ಯಾವಾಗ ಬಂತು ಎಂದು ಅಳೆದರು. ಈ ಎರಡರ ನಡುವಿನ ಸಮಯವೇ ನಾವು ಓಡಿ ಪಾರಾಗಲು ಸಿಗುವ ಸಮಯ.

ಜ್ವಾಲೆ ಎದ್ದು ಉರಿಯುವ ಬೆಂಕಿಯಲ್ಲಿ ಅಂಥ ಸ್ಥಿತಿ ಬರಲು ಹಳೆಯ ಪರೀಕ್ಷೆಯಲ್ಲಿ ಸರಾಸರಿ 17 ನಿಮಿಷ ಹಿಡಿದಿತ್ತು. ಹೊಸ ಪರೀಕ್ಷೆಯಲ್ಲಿ ಸುಮಾರು 3 ನಿಮಿಷ! ಅಳತೆಯ ಮಾನದಂಡ ಬದಲಾದದ್ದೂ ಇದಕ್ಕೆ ಒಂದು ಕಾರಣ. ಇಂದಿನ ಪೀಠೋಪಕರಣಗಳು ಹೆಚ್ಚು ವೇಗವಾಗಿ ಉರಿಯುತ್ತವೆ ಎಂಬುದು ಇನ್ನೊಂದು ಕಾರಣ. ಫೋಮ್ ಸೋಫಾ, ಫೋಮ್ ಹಾಸಿಗೆ ನಮ್ಮ ಮನೆಗಳಿಗೂ ಬಂದಾಗಿದೆ.

ಅಲಾರಂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಅಯಾನೀಕರಣ ಬಗೆಯದರಲ್ಲಿ ಅತ್ಯಲ್ಪ ಪ್ರಮಾಣದ ಅಮೆರಿಸಿಯಂ-241 ಇರುತ್ತದೆ. ಅದರ ಆಲ್ಫಾ ಕಣಗಳಿಂದ ಗಾಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ತು ಹೊಗೆ ಬಂದಾಗ ಕಡಿಮೆಯಾಗುತ್ತದೆ, ಅಲಾರಂ ಕೂಗುತ್ತದೆ. ಇನ್ನೊಂದು ಬೆಳಕಿನದು. ಹೊಗೆಯ ಕಣಗಳು ಬೆಳಕನ್ನು ಚದುರಿಸಿದಾಗ ಅದು ಕೂಗುತ್ತದೆ. ನಾವು ಹತ್ತನೇ ತರಗತಿಯಲ್ಲಿ ಓದಿದ ಟಿಂಡಾಲ್ ಪರಿಣಾಮವೇ ಇದು. ಜ್ವಾಲೆಯ ಬೆಂಕಿಗೆ ಮೊದಲನೆಯದು, ಹಾಸಿಗೆಯೊಳಗೆ ಹೊಗೆಯಾಡುತ್ತಾ ಬೇಯುವ ಬೆಂಕಿಗೆ ಎರಡನೆಯದು ಬೇಗ ಎಚ್ಚರಿಸುತ್ತದೆ ಎಂದು ಪರೀಕ್ಷೆ ತೋರಿಸಿತು. ಅಡುಗೆ ಹೊಗೆಗೆ ಸುಮ್ಮನೆ ಕೂಗುವ ಕಾಟ ಮೊದಲನೆಯದರಲ್ಲಿ ಹೆಚ್ಚು. ಮಾಮನ ಚೀಲದ ಕಥೆಯ ಮೂಲ ಬಹುಶಃ ಇಲ್ಲೇ ಇರಬಹುದು. ಹಾಗಾದರೆ ಬೇಕಾದದ್ದು ಚೀಲವಲ್ಲ. ಬೇರೆ ಬಗೆಯ ಅಲಾರಂ, ಅಥವಾ ಒಲೆಯಿಂದ ಸ್ವಲ್ಪ ದೂರದ ಜಾಗ.

ಆ ಪರೀಕ್ಷೆ ನಡೆದದ್ದು ಅಮೆರಿಕದ ಮನೆಗಳಲ್ಲಿ, ಹಂಚಿನ ಮಾಡು, ತೆರೆದ ಕಿಟಕಿ, ರಾತ್ರಿಯಿಡೀ ತಿರುಗುವ ಫ್ಯಾನ್ ಇರುವ ನಮ್ಮ ಮನೆಗೆ ಅದು ಹೊಂದುತ್ತದೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಲಾರಂ ಕೂಗುವ ಕ್ಷಣ ನಮ್ಮಲ್ಲಿ ಬೇರೆಯಾಗಬಹುದು. ಆದರೆ ಬೆಂಕಿ ನಮಗಾಗಿ ಕಾಯುವುದಿಲ್ಲ ಎಂಬ ಪಾಠ ಎಲ್ಲ ಮನೆಗೂ ಒಂದೇ.

ಹಾಗಾಗಿ ಒಂದು ರಾತ್ರಿ ನಾನೇ ಮನೆಯಲ್ಲಿ ಪರೀಕ್ಷೆ ಮಾಡಿದೆ. ಬೆಂಕಿ ಹಾಕಲಿಲ್ಲ! ದೀಪ ಆರಿಸಿ, "ಎಲ್ಲರೂ ಹೊರಗೆ" ಎಂದು ಕೂಗಿ, ಮೊಬೈಲಿನಲ್ಲಿ ಸಮಯ ನೋಡಿದೆ. ಎದುರಿನ ಗ್ರಿಲ್‌ಗೆ ಒಳಗಿನಿಂದ ಬೀಗ. ಬೀಗದ ಕೈ ಫ್ರಿಜ್ಜಿನ ಮೇಲೆ ಇರಬೇಕಿತ್ತು, ಇರಲಿಲ್ಲ. ತಮ್ಮ ಎದ್ದೇ ಇರಲಿಲ್ಲ. ನಾವು ಅಂಗಳಕ್ಕೆ ಬಂದಾಗ ನಾಲ್ಕು ನಿಮಿಷ ದಾಟಿತ್ತು. ಈಗ ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲೇ ತೂಗುತ್ತದೆ. ತಮ್ಮನನ್ನು ಎಬ್ಬಿಸುವುದು ನನ್ನ ಹೊಣೆ.

ನನ್ನ ಅಭಿಪ್ರಾಯ ಇಷ್ಟೇ. ಅಲಾರಂ ಎಚ್ಚರಿಸುತ್ತದೆ, ಬಾಗಿಲು ತೆರೆಯುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಮಲಗುವ ಕೋಣೆಗಳ ಬಳಿ ಅಲಾರಂ ಬೇಕು. ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ನೋಡಬೇಕು. ಜೊತೆಗೆ ವರ್ಷಕ್ಕೆ ಎರಡು ಬಾರಿಯಾದರೂ ರಾತ್ರಿ ಹೊತ್ತು ಎಲ್ಲರನ್ನೂ ಎಬ್ಬಿಸಿ ಗೇಟಿನವರೆಗೆ ನಡೆಸಬೇಕು. ನಿದ್ದೆಗೆಟ್ಟಿತೆಂದು ಗೊಣಗುವವರಲ್ಲಿ ನಾನೂ ಇರುತ್ತೇನೆ. ಆದರೂ ನಡೆಸಿ ಎಂದು ನಮ್ಮ ವಾರ್ಡನ್ ಸರ್ ಅವರಲ್ಲಿ ವಿನಂತಿ.

ಮಾಮ ಮೊನ್ನೆ ಫೋನ್ ಮಾಡಿದ್ದರು. ಚೀಲ ತೆಗೆದಿದ್ದಾರಂತೆ. ಈಗ ಮೀನು ಹುರಿಯುವಾಗ ಕಿಟಕಿ ತೆರೆಯುತ್ತಾರಂತೆ.